ಕ್ರೂಸ್ ಜೊತೆಗೆ ಜಲಪಾತವನ್ನೂ ನೋಡಬೇಕಾ? ತುಮಕೂರಿನಿಂದ ಹೊರಡುವವರು ಹೀಗೆ ಪ್ಲಾನ್ ಮಾಡಿ

ಬಿ.ಎಚ್. ರಸ್ತೆ ಅಂತ ನಾವು ತುಮಕೂರಿನವರು ದಿನಕ್ಕೆ ಹತ್ತು ಸಲ ಹೇಳುತ್ತೇವೆ. ಅದರ ಪೂರ್ತಿ ಹೆಸರು ಬೆಂಗಳೂರು–ಹೊನ್ನಾವರ ರಸ್ತೆ. ತರಕಾರಿ ತರೋಕೆ, ಮಕ್ಕಳನ್ನು ಸ್ಕೂಲಿಗೆ ಬಿಡೋಕೆ ಓಡಾಡುವ ಇದೇ ರಸ್ತೆ ಹಿಡಿದು ಗುಬ್ಬಿ, ತಿಪಟೂರು, ಅರಸೀಕೆರೆ, ಶಿವಮೊಗ್ಗ, ಸಾಗರ ದಾಟಿದರೆ ಜೋಗ ಸಿಗುತ್ತದೆ. ಅಲ್ಲಿಂದ ಘಟ್ಟ ಇಳಿದರೆ ಸಮುದ್ರ. ಕೋಲಾರ, ಚಿಕ್ಕಬಳ್ಳಾಪುರದವರಿಗೂ ದಾರಿ ಇದೆ. ಮುಳಬಾಗಿಲು, ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಮಧುಗಿರಿ, ಶಿರಾ ಮೇಲೆ ಹಾದು ಹೋಗುವ ರಾಷ್ಟ್ರೀಯ ಹೆದ್ದಾರಿ 69 ಕೊನೆಗೆ ಹೋಗಿ ಸೇರುವುದು ಹೊನ್ನಾವರವನ್ನೇ.

ಇದನ್ನು ಮೊದಲೇ ಹೇಳೋಕೆ ಕಾರಣ ಇದೆ. ಈಗ ನಮ್ಮ ಕಡೆಯಿಂದ ಮುಂಬೈ–ಗೋವಾ ಕ್ರೂಸ್‌ಗೆ ಹೋಗುವವರು ಜಾಸ್ತಿ ಆಗಿದ್ದಾರೆ. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೀಲಿಯಾ ಅನ್ನೋ ಕ್ರೂಸ್ ಕಂಪನಿಯವರ ಎಂಪ್ರೆಸ್ ಹಡಗು ಮುಂಬೈನಿಂದ ಶುರುವಾದ ಮೇಲೆ ಮದುವೆ ವಾರ್ಷಿಕೋತ್ಸವ, ರಿಟೈರ್ಮೆಂಟ್ ಅಂತ ಹೋಗಿಬಂದವರು ಪ್ರತಿ ಬೀದಿಯಲ್ಲೂ ಒಬ್ಬರಾದರೂ ಸಿಗುತ್ತಾರೆ. ಹೋಗುವಾಗ ಎಲ್ಲರ ತಲೆಯಲ್ಲೂ ಒಂದೇ ಲೆಕ್ಕ: ಹೇಗೂ ಗೋವಾದಲ್ಲಿ ಹಡಗು ನಿಲ್ಲುತ್ತದಲ್ಲ, ಹಾಗೇ ಅಲ್ಲಿಯ ದೂಧ್‌ಸಾಗರ ಜಲಪಾತ ನೋಡಿಕೊಂಡು ಬಂದುಬಿಡೋಣ. ನಾವೂ ಹಾಗೇ ಅಂದುಕೊಂಡು ಹೋಗಿ ಜಲಪಾತ ನೋಡದೆ ವಾಪಸ್ ಬಂದೆವು. ಎರಡನೇ ಸಲ ಪ್ಲಾನ್ ಬದಲಿಸಿದೆವು, ಆಗ ಎಲ್ಲ ಸರಿಹೋಯಿತು. ಜಲಪಾತವನ್ನು ಹಡಗು ನಿಂತ ದಿನಕ್ಕೆ ತುರುಕಬೇಡಿ, ಹಡಗಿನಿಂದ ಇಳಿದ ಮೇಲೆ ಮನೆಗೆ ಬರುವ ದಾರಿಗೆ ಸೇರಿಸಿಕೊಳ್ಳಿ. ಅದನ್ನು ಹೇಗೆ ಮಾಡೋದು ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ತಿಂಗಳು ನೋಡಿ, ಆಮೇಲೆ ರೇಟು

ಹಡಗಿನ ಕಾಲ ಬೇರೆ, ಜಲಪಾತದ ಕಾಲ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಲಪಾತಗಳು ತುಂಬಿ ಬೀಳುತ್ತವೆ, ಆದರೆ ಆಗ ಅರಬ್ಬೀ ಸಮುದ್ರ ಒರಟಾಗಿರುತ್ತದೆ, ಮುಂಬೈ–ಗೋವಾ ಕ್ರೂಸ್ ಸಾಮಾನ್ಯವಾಗಿ ಇರುವುದಿಲ್ಲ. ಮಳೆ ನಿಂತು ಹಡಗು ಶುರುವಾದ ಮೇಲೆ ತಿಂಗಳು ಕಳೆದಂತೆ ಜಲಪಾತದ ನೀರು ಇಳಿಯುತ್ತಾ ಹೋಗುತ್ತದೆ. ಎರಡೂ ಒಟ್ಟಿಗೆ ಸಿಗೋದು ಅಕ್ಟೋಬರ್, ನವೆಂಬರ್. ತೀರಾ ಅಂದರೆ ಡಿಸೆಂಬರ್ ಕೊನೆವರೆಗೆ.

ಅದರಲ್ಲೂ ಯಾವ ಜಲಪಾತ ಅನ್ನೋದರ ಮೇಲೆ ತಿಂಗಳು ಬದಲಾಗುತ್ತದೆ. ಜೋಗದ ಮೇಲ್ಗಡೆ, ಶರಾವತಿಗೆ ಅಡ್ಡವಾಗಿ 1964ರಲ್ಲಿ ಕಟ್ಟಿ ಮುಗಿಸಿದ ಲಿಂಗನಮಕ್ಕಿ ಅಣೆಕಟ್ಟು ಇದೆ. ನೀರು ಕರೆಂಟ್ ಉತ್ಪಾದನೆಗೆ ಹೋಗುತ್ತದೆ. ಅಣೆಕಟ್ಟು ತುಂಬಿ ಗೇಟ್ ಎತ್ತಿದಾಗ ಮಾತ್ರ ಜೋಗ ಫೋಟೋದಲ್ಲಿ ನೋಡಿದ ಹಾಗೆ ಕಾಣುತ್ತದೆ. ಗರಿಷ್ಠ ಮಟ್ಟ 1819 ಅಡಿ. ಮಳೆಗಾಲದಲ್ಲಿ ಪೇಪರ್‌ನಲ್ಲಿ ಜಲಾಶಯಗಳ ಮಟ್ಟ ಹಾಕುತ್ತಾರಲ್ಲ, ಅದರಲ್ಲಿ ಲಿಂಗನಮಕ್ಕಿ ಸಾಲನ್ನು ಆಗಸ್ಟ್‌ನಿಂದಲೇ ಗಮನಿಸುತ್ತಾ ಬನ್ನಿ. ಸೆಪ್ಟೆಂಬರ್ ಕೊನೆಗೆ 1819ರ ಹತ್ತಿರ ಇದ್ದು ಅಕ್ಟೋಬರ್‌ನಲ್ಲೂ ಮಳೆ ಬರುತ್ತಿದ್ದರೆ ಜೋಗಕ್ಕೆ ಹೋಗಿ. ಮಟ್ಟ ತುಂಬಾ ಕೆಳಗಿದ್ದರೆ ಆ ವರ್ಷ ಜೋಗ ಬಿಟ್ಟುಬಿಡಿ. ಬಂಡೆ ಮೇಲೆ ನಾಲ್ಕು ನೂಲಿನ ಹಾಗೆ ನೀರು ಇಳಿಯೋದನ್ನು ನೋಡಿ ಮಕ್ಕಳು "ಇಷ್ಟೇನಾ?" ಅಂದಾಗ ಬೇಜಾರಾಗುತ್ತದೆ.

ದೂಧ್‌ಸಾಗರಕ್ಕೆ ಆ ತೊಂದರೆ ಇಲ್ಲ. ಅದರ ನೆತ್ತಿ ಮೇಲೆ ಜೋಗದ ಹಾಗೆ ದೊಡ್ಡ ಅಣೆಕಟ್ಟು ಇಲ್ಲ, ಕಾಡಿನ ನೀರು ನಿಧಾನಕ್ಕೆ ಇಳಿಯುತ್ತದೆ, ಡಿಸೆಂಬರ್‌ನಲ್ಲೂ ನೋಡುವ ಹಾಗೆ ಇರುತ್ತದೆ. ಹಾಗಾಗಿ ನನ್ನ ಲೆಕ್ಕ ಇದು: ಅಕ್ಟೋಬರ್ ಆದರೆ ಜೋಗ, ನವೆಂಬರ್–ಡಿಸೆಂಬರ್ ಆದರೆ ದೂಧ್‌ಸಾಗರ. ಫೆಬ್ರವರಿ ಆದಮೇಲೆ ಹೋಗುವವರು ಹಡಗನ್ನಷ್ಟೇ ಅನುಭವಿಸಿ ಬನ್ನಿ.

ಅಕ್ಟೋಬರ್‌ಗೆ ಒಂದು ಎಚ್ಚರಿಕೆ. ಅದು ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಏಳುವ ತಿಂಗಳು ಕೂಡ. 2019ರಲ್ಲಿ ಅಕ್ಟೋಬರ್ ಕೊನೆಗೆ ಕ್ಯಾರ್, ಅದರ ಹಿಂದೆಯೇ ಮಹಾ ಅಂತ ಎರಡು ಚಂಡಮಾರುತ ಬಂದಿದ್ದವು. ಹವಾಮಾನ ಕೆಟ್ಟರೆ ಹಡಗಿನವರು ದಾರಿ ಬದಲಿಸಬಹುದು, ಒಂದು ಬಂದರನ್ನೇ ಬಿಟ್ಟುಬಿಡಬಹುದು. ಟಿಕೆಟ್‌ನ ಷರತ್ತಿನಲ್ಲಿ ಅದು ಬರೆದೇ ಇರುತ್ತದೆ. ಹಾಗಾಗಿ ಹಡಗು ಗೋವಾ ತಲುಪುವ ದಿನಕ್ಕೆ, ದುಡ್ಡು ವಾಪಸ್ ಬಾರದ ಯಾವ ಬುಕಿಂಗನ್ನೂ ಇಟ್ಟುಕೊಳ್ಳಬೇಡಿ.

ಹಡಗು ನಿಂತ ದಿನ ದೂಧ್‌ಸಾಗರ ಯಾಕೆ ಆಗಲ್ಲ

ನಾವು ಮೊದಲ ಸಲ ಹೋಗಿದ್ದು ನವೆಂಬರ್‌ನಲ್ಲಿ. ನಾನು, ಹೆಂಡತಿ, ಮಗಳು, ನಮ್ಮಮ್ಮ. ಮುಂಬೈನಿಂದ ಹೊರಟು ಗೋವಾ ನೋಡಿಕೊಂಡು ವಾಪಸ್ ಮುಂಬೈಗೆ ಬರುವ ಟಿಕೆಟ್. ಬೆಳಗ್ಗೆ ಮುರ್ಮಗೋವಾ ಬಂದರಿಗೆ ಬರುತ್ತದೆ, ಸಂಜೆ ಹೊರಡುತ್ತದೆ. ಕಾಗದದ ಮೇಲೆ ಒಂಬತ್ತು ಗಂಟೆ ಸಮಯ ಇತ್ತು.

ಆ ಒಂಬತ್ತು ಗಂಟೆ ಹೇಗೆ ಕರಗುತ್ತದೆ ನೋಡಿ. ಹಡಗು ಬಂದರಿಗೆ ಬಂದ ತಕ್ಷಣ ಇಳಿಯೋಕೆ ಬಿಡುವುದಿಲ್ಲ. ಕ್ಯೂ, ಕಾರ್ಡ್ ಸ್ಕ್ಯಾನ್, ಬಂದರಿನ ಗೇಟ್‌ವರೆಗೆ ಬಸ್ಸು, ಇಷ್ಟಕ್ಕೇ ಒಂದು ಗಂಟೆ ಹೋಗುತ್ತದೆ. ಸಂಜೆ ಹಡಗು ಹೊರಡುವ ಟೈಮ್ ಬೇರೆ, ನೀವು ಒಳಗಿರಬೇಕಾದ ಟೈಮ್ ಬೇರೆ. ಎರಡನೆಯದು ಒಂದು ಗಂಟೆಯಾದರೂ ಮುಂಚೆ ಇರುತ್ತದೆ. ಉಳಿದದ್ದು ಏಳು. ಮುರ್ಮಗೋವಾದಿಂದ ಕುಳೆಂ ಊರಿಗೆ ಸುಮಾರು 60 ಕಿ.ಮೀ., ಒಂದೂವರೆ ಗಂಟೆ. ಕುಳೆಂನಿಂದ ಮುಂದಕ್ಕೆ ನಮ್ಮ ಕಾರು ಹೋಗುವುದಿಲ್ಲ, ಭಗವಾನ್ ಮಹಾವೀರ ಅಭಯಾರಣ್ಯದ ಒಳಗೆ ಅಲ್ಲಿಯ ಜೀಪಿನಲ್ಲೇ ಹೋಗಬೇಕು. ಒಂದು ಜೀಪಿಗೆ ಏಳು ಜನ. ಹಳ್ಳ ದಾಟಿಕೊಂಡು, ಎದ್ದು ಬಿದ್ದು ಹೋಗೋದಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಜೀಪ್ ಇಳಿದ ಮೇಲೆ ಕಲ್ಲಿನ ಮೇಲೆ ಸ್ವಲ್ಪ ನಡಿಗೆ. ನೀರಿನ ಹತ್ತಿರ ಒಂದು ಗಂಟೆಯಾದರೂ ಬೇಡವಾ? ಮತ್ತೆ ಅದೇ ಜೀಪು, ಅದೇ ರಸ್ತೆ. ಕೂಡಿಸಿ ನೋಡಿ, ಕ್ಯೂನಲ್ಲಿ ಒಂದು ನಿಮಿಷ ನಿಲ್ಲದಿದ್ದರೂ ಆರು ಗಂಟೆ ದಾಟುತ್ತದೆ.

ಆವತ್ತು ಭಾನುವಾರ. ನಾವು ಕುಳೆಂ ತಲುಪುವ ಹೊತ್ತಿಗೆ ಹನ್ನೆರಡು ಆಗಿತ್ತು. ಜೀಪಿಗೆ ಕಾಯುತ್ತಿದ್ದ ಜನವನ್ನು ನೋಡಿದಾಗಲೇ ನನ್ನ ಎದೆ ಧಸಕ್ ಅಂದಿತು. ಒಂದು ಗಂಟೆ ಕಾದೆವು. ನಮ್ಮ ಸರದಿ ಬರೋಕೆ ಇನ್ನೂ ಮುಕ್ಕಾಲು ಗಂಟೆ ಅಂದರು. ಡ್ರೈವರ್ ವಾಚ್ ತೋರಿಸಿ, ಈಗ ಒಳಗೆ ಹೋದರೆ ನಾನು ನಿಮ್ಮನ್ನು ಟೈಮಿಗೆ ಹಡಗಿಗೆ ಮುಟ್ಟಿಸೋಕೆ ಆಗಲ್ಲ ಅಂತ ಹಿಂದಿಯಲ್ಲಿ ನೇರವಾಗಿ ಹೇಳಿದ. ವಾಪಸ್ ತಿರುಗಿದೆವು. ಅಮ್ಮ ನೀರಿಗಿಳಿದರೆ ಉಡೋಕೆ ಅಂತ ಒಂದು ಹಳೇ ಸೀರೆ, ಟವೆಲ್ಲು ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿಗೆ ಗಂಟು ಕಟ್ಟಿ ತಂದಿದ್ದರು. ದಾರಿಯುದ್ದಕ್ಕೂ ಅದು ಅವರ ತೊಡೆ ಮೇಲೇ ಇತ್ತು. ಗಂಟು ಬಿಚ್ಚಲೇ ಇಲ್ಲ. "ಬಿಡಪ್ಪಾ, ಇನ್ನೊಂದ್ಸಲ ಬಂದ್ರಾಯ್ತು" ಅಂದರು. ನನಗೆ ಆ ಮಾತಿಗಿಂತ ಆ ಗಂಟು ಜಾಸ್ತಿ ನೆನಪಿದೆ. ವಾಸ್ಕೋ ಹತ್ತಿರ ಟ್ರಾಫಿಕ್ ಸಿಕ್ಕಿ, ನಾವು ಗೇಟ್ ಒಳಗೆ ಹೋದಾಗ ಉಳಿದಿದ್ದು ಇಪ್ಪತ್ತು ನಿಮಿಷ.

ಸ್ವಂತಕ್ಕೆ ಕಾರು ಮಾಡಿಕೊಂಡು ಹೋದವರಿಗೆ ಹಡಗು ಕಾಯುವುದಿಲ್ಲ. ತಪ್ಪಿದರೆ ಸೂಟ್‌ಕೇಸು ಹಡಗಿನಲ್ಲಿ, ನೀವು ದಡದಲ್ಲಿ. ಹಡಗಿನವರೇ ಏರ್ಪಾಡು ಮಾಡುವ ಟೂರ್ ಆದರೆ ಅವರ ಜವಾಬ್ದಾರಿ ಇರುತ್ತದೆ, ಹಾಗಾಗಿ ಬಂದರಿನ ದಿನ ದೂರ ಹೋಗಲೇಬೇಕು ಅನ್ನುವವರು ಅಂಥದ್ದನ್ನೇ ಹಿಡಿಯಿರಿ.

ಆ ದಿನವೇ ಒಂದು ಜಲಪಾತ ನೋಡಬೇಕು ಅನ್ನಿಸಿದರೆ ಸಾಂಖಳಿ ಹತ್ತಿರದ ಹರವಳೆ ನೋಡಿ. ಚಿಕ್ಕದು. ಕಾರು ಹತ್ತಿರದವರೆಗೂ ಹೋಗುತ್ತದೆ, ಪಕ್ಕದಲ್ಲೇ ರುದ್ರೇಶ್ವರ ದೇವಸ್ಥಾನ, ಸ್ವಲ್ಪ ದೂರದಲ್ಲಿ ಕಲ್ಲಿನಲ್ಲಿ ಕೊರೆದ ಹಳೇ ಗುಹೆಗಳು. ವಯಸ್ಸಾದವರಿಗೆ ಕುಳೆಂ ಜೀಪಿಗಿಂತ ಇದೇ ಹಿತ.

ಕೊಚ್ಚಿಗೆ ಹೋಗುವ ಹಡಗು ಹತ್ತಿದವರ ಲೆಕ್ಕ ಸ್ವಲ್ಪ ಬೇರೆ. ಅಲ್ಲಿಂದ ಅತಿರಪಳ್ಳಿ ಜಲಪಾತ ಸುಮಾರು 70 ಕಿ.ಮೀ., ಆಲುವಾ, ಅಂಗಮಾಲಿ, ಚಾಲಕುಡಿ ಮೇಲೆ. ಕಾರಿನಲ್ಲೇ ಹತ್ತಿರ ಹೋಗಬಹುದು, ಜೀಪಿನ ಕ್ಯೂ ಇಲ್ಲ. ಕೇರಳಕ್ಕೆ ಹಿಂಗಾರು ಮಳೆಯೂ ಸಿಗೋದರಿಂದ ನವೆಂಬರ್‌ನಲ್ಲಿ ನೀರು ಚೆನ್ನಾಗಿರುತ್ತದೆ. ಹಡಗು ಬೆಳಗ್ಗೆ ಬೇಗ ಬಂದು ರಾತ್ರಿ ಹೊರಡುವುದಾದರೆ ಮಾತ್ರ ಹೋಗಿ. ಕೊಚ್ಚಿ ಊರೊಳಗಿನ ಟ್ರಾಫಿಕ್ಕಿಗೆ ಒಂದು ಗಂಟೆ ಎತ್ತಿಡಿ.

ಟಿಕೆಟ್ ತೆಗೆಯುವಾಗ ಕೇಳಬೇಕಾದ ಒಂದೇ ಪ್ರಶ್ನೆ

"ಗೋವಾದಲ್ಲೇ ಇಳಿದುಬಿಡಬಹುದಾ?"

ಮುಂಬೈನಲ್ಲಿ ಹತ್ತಿ ಗೋವಾದಲ್ಲಿ ಇಳಿಯುವ ಒಂದು ಕಡೆಯ ಟಿಕೆಟ್ ಕೆಲವು ಪ್ರಯಾಣಗಳಲ್ಲಿ ಕೊಡುತ್ತಾರೆ. ನಮಗೆ ಬೇಕಾಗಿರೋದು ಅದೇ. ವಾಪಸ್ ಮುಂಬೈಗೆ ಹೋಗಿ ಅಲ್ಲಿಂದ ತುಮಕೂರಿಗೆ ಬರೋದು ಅಂದರೆ ಮನೆಯಿಂದ ದೂರ ದೂರ ಹೋಗಿ ಆಮೇಲೆ ಹತ್ತಿರ ಬಂದ ಹಾಗೆ. ಗೋವಾದಲ್ಲಿ ಇಳಿದರೆ ಅರ್ಧ ದಾರಿ ಆಗಲೇ ಮುಗಿದಿರುತ್ತದೆ, ಜಲಪಾತಗಳು ಎರಡೂ ಮನೆ ದಾರಿಯಲ್ಲೇ ಇವೆ, ಗಡಿಯಾರ ನೋಡಿಕೊಂಡು ಓಡುವ ಕೆಲಸ ಇಲ್ಲ. ಒಂದು ಕಡೆಯ ಟಿಕೆಟ್ ಸಿಗದಿದ್ದರೆ ಹಡಗಿನ ತಾರೀಕನ್ನೇ ಬದಲಿಸಿ ನೋಡಿ.

ವೆಬ್‌ಸೈಟಿನಲ್ಲಿ ಮೊದಲು ಕಾಣುವ ರೇಟೇ ಕೊನೆಯ ರೇಟಲ್ಲ. ಬಂದರು ಶುಲ್ಕ, ಜಿಎಸ್‌ಟಿ, ಸೇವಾ ಶುಲ್ಕ ಎಲ್ಲಾ ಸೇರಿಸಿ ಒಟ್ಟು ಎಷ್ಟು ಅಂತ ಬರೆಸಿಕೊಳ್ಳಿ. ವೈಫೈ ಬೇರೆ. ಊಟ ಸೇರಿರುತ್ತದೆ, ಆದರೆ ಕೆಲವು ಹೋಟೆಲುಗಳಿಗೆ ಹಡಗಿನೊಳಗೇ ಬೇರೆ ದುಡ್ಡು.

ಆಮೇಲೆ ರೈಲು. ಇಲ್ಲಿ ತುಂಬಾ ಜನ ಎಡವುತ್ತಾರೆ. ಹಡಗಿನ ಟಿಕೆಟ್ಟನ್ನು ಮೂರ್ನಾಲ್ಕು ತಿಂಗಳು ಮುಂಚೆ ತೆಗೆದಿರುತ್ತಾರೆ, ಆದರೆ 2024ರ ನವೆಂಬರ್‌ನಿಂದ ರೈಲಿನ ಮುಂಗಡ ಬುಕಿಂಗ್ ಹೊರಡುವ ದಿನಕ್ಕೆ 60 ದಿನ ಮುಂಚೆ ಮಾತ್ರ ತೆರೆಯುತ್ತದೆ, ಮೊದಲಿನ ಹಾಗೆ 120 ದಿನ ಅಲ್ಲ. ಹಡಗಿನ ಟಿಕೆಟ್ ಕೈಗೆ ಬಂದ ದಿನವೇ ಲೆಕ್ಕ ಹಾಕಿ, ಆ ಅರವತ್ತನೇ ದಿನವನ್ನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಗುರುತು ಮಾಡಿಬಿಡಿ. ದಸರಾ, ದೀಪಾವಳಿ ರಜೆ ಅದೇ ಸಮಯಕ್ಕೆ ಬರುತ್ತದೆ, ಸ್ಲೀಪರ್ ಬೇಗ ತುಂಬಿಹೋಗುತ್ತದೆ.

ಮುಂಬೈಗೆ ಹೋಗೋದು ಹೇಗೆ ಅನ್ನೋದು ನಿಮಗೆ ಗೊತ್ತೇ ಇದೆ. ತುಮಕೂರಿನ ಮೇಲೆ ಹಾದು ಹುಬ್ಬಳ್ಳಿ ಕಡೆಯಿಂದ ದಾದರ್‌ಗೆ ಹೋಗುವ ರೈಲು ಇದೆ, ಹೆದ್ದಾರಿಯಲ್ಲಿ ರಾತ್ರಿ ಸ್ಲೀಪರ್ ಬಸ್ಸು ಇದೆ. ವಿಮಾನ ಅಂದರೆ ಬೆಂಗಳೂರಿನ ಒಳಗೆ ಹೋಗಬೇಡಿ, ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೋದರೆ ನೆಮ್ಮದಿ. ಏನೇ ಆಗಲಿ, ಹಡಗು ಹೊರಡುವ ಹಿಂದಿನ ದಿನವೇ ಮುಂಬೈ ಸೇರಿಕೊಳ್ಳಿ. ಹಡಗು ಹತ್ತುವ ಬಲ್ಲಾರ್ಡ್ ಪಿಯರ್ ಜಾಗ ಸಿಎಸ್‌ಎಂಟಿ ಸ್ಟೇಷನ್‌ಗೆ ಹತ್ತಿರ, ಆ ಸುತ್ತಮುತ್ತಲೇ ರೂಮ್ ಮಾಡಿ.

ಇಳಿದ ದಿನ ಏನು ಮಾಡಬೇಕು

ಇದನ್ನು ಮನೆಯಲ್ಲಿ ಹಿರಿಯರಿದ್ದರೆ ತಪ್ಪದೆ ಓದಿ. ಎರಡು ಮೂರು ದಿನ ಹಡಗಿನಲ್ಲಿ ಇದ್ದು ಇಳಿದ ಮೇಲೆ ನೆಲ ತೂಗಿದ ಹಾಗೆ ಅನ್ನಿಸುತ್ತದೆ. ನಿಂತಲ್ಲೇ ವಾಲಿದ ಹಾಗೆ. ಹಡಗಿನಲ್ಲಿ ಏನೂ ಆಗದವರಿಗೂ ಇಳಿದ ಮೇಲೆ ಹೀಗಾಗಬಹುದು, ಸಾಮಾನ್ಯವಾಗಿ ಒಂದು ದಿನದಲ್ಲಿ ಸರಿಹೋಗುತ್ತದೆ. ಅದೇ ದಿನ ಗೇರುಸೊಪ್ಪೆ ಘಟ್ಟದ ತಿರುವುಗಳನ್ನೋ ಕುಳೆಂನ ಜೀಪನ್ನೋ ಹತ್ತಿಸಿದರೆ ಪಾಪ, ಅವರಿಗೆ ವಾಂತಿ ಬಿಟ್ಟರೆ ಬೇರೆ ನೆನಪು ಉಳಿಯಲ್ಲ. ಹಾಗಾಗಿ ಇಳಿದ ದಿನ ಜಲಪಾತ ಬೇಡ. ಒಂದು ರಾತ್ರಿ ಮಲಗಿ, ಮಾರನೇ ದಿನ ಹೋಗಿ. ವಾಂತಿ ಮಾತ್ರೆ ಬೇಕಿದ್ದರೆ ಊರಲ್ಲೇ ನಿಮ್ಮ ಡಾಕ್ಟರನ್ನು ಕೇಳಿ ತನ್ನಿ, ಬಿಪಿ ಮಾತ್ರೆ ತಗೊಳ್ಳುವವರು ಅದನ್ನೂ ಹೇಳಿ ಕೇಳಿ.

ಇಳಿಯುವ ಹಿಂದಿನ ರಾತ್ರಿ ಸೂಟ್‌ಕೇಸಿಗೆ ಟ್ಯಾಗ್ ಕಟ್ಟಿ ರೂಮಿನ ಹೊರಗೆ ಇಡೋಕೆ ಹೇಳುತ್ತಾರೆ. ಮಾತ್ರೆ, ಆಧಾರ್ ಕಾರ್ಡ್, ಚಾರ್ಜರ್, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ರೈಲು ಟಿಕೆಟ್ಟಿನ ಫೋಟೋ ಫೋನಿನಲ್ಲಿ ಉಳಿಸಿಕೊಳ್ಳಿ, ನಡುಸಮುದ್ರದಲ್ಲಿ ನೆಟ್‌ವರ್ಕ್ ಇರಲ್ಲ. ದಡ ಬಿಟ್ಟ ಮೇಲೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿಬಿಡಿ, ಹಡಗಿನ ಸಿಗ್ನಲ್ ಹಿಡಿದರೆ ಬಿಲ್ಲು ಏರುತ್ತದೆ.

ಜೋಗದ ದಾರಿ

ಎರಡನೇ ಸಲ ನಾವು ಮಾಡಿದ್ದು ಇದನ್ನೇ. ಬಂದರಿನಿಂದ ಟ್ಯಾಕ್ಸಿಯಲ್ಲಿ ಮಡಗಾಂವ್ ಸ್ಟೇಷನ್, ಸುಮಾರು ಒಂದು ಗಂಟೆ. ಅಲ್ಲಿಂದ ಕೊಂಕಣ ರೈಲಿನಲ್ಲಿ ಕಾರವಾರ, ಅಂಕೋಲಾ, ಕುಮಟಾ ದಾಟಿ ಹೊನ್ನಾವರ. ಎರಡು ಎರಡೂವರೆ ಗಂಟೆ. ಹೊನ್ನಾವರದಲ್ಲಿ ಎಲ್ಲಾ ರೈಲೂ ನಿಲ್ಲಲ್ಲ, ಬುಕ್ ಮಾಡುವಾಗ ನೋಡಿಕೊಳ್ಳಿ. ಇಳಿದ ಕೂಡಲೇ ಕನ್ನಡ ಕಿವಿಗೆ ಬಿದ್ದಾಗ ಅಮ್ಮನ ಮುಖ ಅರಳಿತು, ಆಟೋದವರ ಹತ್ತಿರ ತಾವೇ ಹೋಗಿ ಲಾಡ್ಜ್ ಎಲ್ಲಿದೆ ಅಂತ ವಿಚಾರಿಸಿದರು.

ಆ ರಾತ್ರಿ ಹೊನ್ನಾವರದಲ್ಲೇ ಇರಿ. ಸಂಜೆ ಟೈಮ್ ಇದ್ದರೆ ಇಡಗುಂಜಿ ಗಣಪತಿ ದೇವಸ್ಥಾನಕ್ಕೆ ಹೋಗಿ ಬರಬಹುದು, ಹತ್ತಿರ. ಇಲ್ಲವಾದರೆ ಶರಾವತಿ ಸಮುದ್ರ ಸೇರುವ ಕಡೆ ಹೋಗಿ ಸುಮ್ನೆ ನಿಂತುಕೊಳ್ಳಿ. ನಾಳೆ ಜೋಗದಲ್ಲಿ ನೋಡೋ ನೀರು ಇಲ್ಲಿಗೇ ಬಂದು ಸೇರೋದು. ನಾವು ಹಡಗಿನ ಮೇಲೆ ನಿಂತು ನೋಡಿದ ಸಮುದ್ರವೂ ಇದೇ ಅಂತ ಮಗಳಿಗೆ ಹೇಳಿದಾಗ, ಅವಳು ತುಂಬಾ ಹೊತ್ತು ಅಳಿವೆ ಕಡೆ ನೋಡುತ್ತಾ ನಿಂತಿದ್ದಳು.

ಬೆಳಗ್ಗೆ ಏಳಕ್ಕೆಲ್ಲಾ ಟ್ಯಾಕ್ಸಿ ಮಾಡಿ ಹೊರಡಿ. ಹೊನ್ನಾವರದಿಂದ ಜೋಗ 60 ಕಿ.ಮೀ. ಆಸುಪಾಸು, ಗೇರುಸೊಪ್ಪೆ ಮೇಲೆ ಘಟ್ಟ ಹತ್ತೋದು, ಎರಡು ಗಂಟೆ ಇಟ್ಟುಕೊಳ್ಳಿ. ಬಾಡಿಗೆ ಮಾತಾಡುವಾಗಲೇ ಸಂಜೆ ತಾಳಗುಪ್ಪ ಸ್ಟೇಷನ್‌ವರೆಗೆ ಬಿಡಬೇಕು, ದಿನವೆಲ್ಲಾ ಲಗೇಜು ಗಾಡಿಯಲ್ಲೇ ಇರುತ್ತದೆ ಅಂತ ಹೇಳಿ ಒಂದೇ ರೇಟು ಮಾಡಿಕೊಳ್ಳಿ. ಸಾಗರ, ಶಿವಮೊಗ್ಗ ಕಡೆಗೆ ಹೋಗುವ ಸರ್ಕಾರಿ ಬಸ್ಸುಗಳೂ ಇದೇ ದಾರಿಯಲ್ಲಿ ಓಡಾಡುತ್ತವೆ, ಇಬ್ಬರೇ ಆದರೆ ಬಸ್ಸೇ ಸಾಕು.

ಜೋಗದಲ್ಲಿ ಮುಖ್ಯವಾಗಿ ಬೇಕಾಗಿರೋದು ತಾಳ್ಮೆ. ರಾಜ, ರಾಣಿ, ರೋರರ್, ರಾಕೆಟ್ ಅಂತ ನಾಲ್ಕು ಧಾರೆ, 253 ಮೀಟರ್, ಅಂದರೆ 830 ಅಡಿ ಎತ್ತರ, ಇದೆಲ್ಲಾ ಸ್ಕೂಲಲ್ಲೇ ಓದಿದ್ದೇವೆ. ನಾವು ಹೋದಾಗ ಎದುರಿಗೆ ಬರೀ ಬಿಳಿ ಮಂಜು. ನೀರಿನ ಸದ್ದು ಮಾತ್ರ ಕೇಳುತ್ತಿತ್ತು, ಬಂಡೆ ಕೂಡ ಕಾಣುತ್ತಿರಲಿಲ್ಲ. ಪಕ್ಕದಲ್ಲಿದ್ದ ಒಂದು ಕುಟುಂಬ ಹತ್ತು ನಿಮಿಷ ನಿಂತು, ಸೆಲ್ಫಿ ತೆಗೆದುಕೊಂಡು, ಬೇಜಾರಿನಲ್ಲಿ ಹೊರಟುಹೋಯಿತು. ನಾವು ಕೂತೆವು. ಮುಕ್ಕಾಲು ಗಂಟೆ ಆಗಿರಬೇಕು. ಮೊದಲು ಮೇಲಿನ ಅಂಚು ಕಾಣಿಸಿತು, ಆಮೇಲೆ ಯಾರೋ ಮೇಲಿನಿಂದ ಪರದೆ ಇಳಿಸುತ್ತಾ ಬಂದ ಹಾಗೆ ಮಂಜು ಕೆಳಕ್ಕೆ ಸರಿಯಿತು, ರಾಜನ ಧಾರೆ ತಳದವರೆಗೆ ಒಂದೇ ಗೆರೆಯಲ್ಲಿ ನಿಂತಿತು. ಅಮ್ಮ ಕೈ ಮುಗಿದರು. ಐದು ನಿಮಿಷ ಅಷ್ಟೇ, ಮತ್ತೆ ಮುಚ್ಚಿಕೊಂಡಿತು. ಆವತ್ತು ಮಧ್ಯಾಹ್ನದೊಳಗೆ ನಾಲ್ಕು ಸಲ ಹೀಗೆ ತೆರೆದು ಮುಚ್ಚಿತು. ಹಡಗು ನಿಂತ ದಿನವಾಗಿದ್ದರೆ ಆ ಮುಕ್ಕಾಲು ಗಂಟೆ ಕೂರೋಕೆ ನಮಗೆ ಎಲ್ಲಿತ್ತು ಸಮಯ?

ಕೆಳಗೆ ಇಳಿಯೋಕೆ ಸಾವಿರಕ್ಕೂ ಮೇಲೆ ಮೆಟ್ಟಿಲುಗಳಿವೆ. ಮಳೆ ಇದ್ದಾಗ ಮುಚ್ಚಿರುತ್ತಾರೆ. ತೆರೆದಿದ್ದರೂ ಮಂಡಿ ನೋವಿರುವವರು ಇಳಿಯಬೇಡಿ, ಇಳಿಯೋದು ಸುಲಭ ಅನ್ನಿಸುತ್ತದೆ, ಹತ್ತುವಾಗ ಗೊತ್ತಾಗುತ್ತದೆ. ಛತ್ರಿಗಿಂತ ಟೋಪಿ ಇರುವ ರೈನ್‌ಕೋಟು ಒಳ್ಳೇದು, ಅಲ್ಲಿ ಗಾಳಿಗೆ ಛತ್ರಿ ನಿಲ್ಲಲ್ಲ. ಈಚೆಗೆ ಜೋಗದಲ್ಲಿ ಅಭಿವೃದ್ಧಿ ಕಾಮಗಾರಿಗೆ ಅಂತ ಕೆಲವು ಸಲ ಪ್ರವಾಸಿಗರನ್ನು ಬಿಡದೆ ಇದ್ದದ್ದೂ ಉಂಟು, ಹೊರಡುವ ವಾರ ಒಂದು ಸಲ ವಿಚಾರಿಸಿಕೊಳ್ಳಿ.

ದೂಧ್‌ಸಾಗರದ ದಾರಿ

ನವೆಂಬರ್, ಡಿಸೆಂಬರ್‌ನಲ್ಲಿ ಹೋಗುವವರಿಗೆ ಇದು. ಇಳಿದ ದಿನ ವಾಸ್ಕೋ ಅಥವಾ ಮಡಗಾಂವ್‌ನಲ್ಲಿ ಉಳಿದು, ಮಾರನೇ ದಿನ ಬೆಳಕು ಹರಿಯುವ ಮುಂಚೆ ಕುಳೆಂಗೆ ಹೊರಡಿ. ವಾರದ ಮಧ್ಯೆ ಆದರೆ ಕ್ಯೂ ಕಡಿಮೆ. ದೊಡ್ಡ ಲಗೇಜನ್ನು ಮಡಗಾಂವ್ ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿ ಬಿಡಬಹುದು, ಸೂಟ್‌ಕೇಸಿಗೆ ಬೀಗ ಹಾಕಿರಲೇಬೇಕು, ರೈಲು ಟಿಕೆಟ್ಟೂ ಕೇಳುತ್ತಾರೆ. ಹಿಡಿತ ಇರುವ ಸ್ಯಾಂಡಲ್ ಹಾಕಿಕೊಳ್ಳಿ, ಹವಾಯಿ ಚಪ್ಪಲಿ ಆ ಕಲ್ಲಿನ ಮೇಲೆ ಜಾರುತ್ತದೆ. ನೀರಿಗಿಳಿಯುವವರು ಲೈಫ್ ಜಾಕೆಟ್ ಬಿಚ್ಚಬೇಡಿ, ಈಜು ಬಂದರೂ ಸರಿ. ಕೋತಿಗಳಿವೆ, ತಿಂಡಿ ಕವರ್ ಕೈಯಲ್ಲಿ ಹಿಡಿದು ನಡೆಯಬೇಡಿ.

ಬೀಳುವ ನೀರು ಮುಂದೆ ಹೋಗಿ ಸೇರೋದು ಮಾಂಡವಿಯನ್ನು, ನಮ್ಮ ಕಡೆ ಮಹದಾಯಿ ಅಂತ ಕರೆಯುವ ಅದೇ ನದಿ. ಎತ್ತರ 310 ಮೀಟರ್, ನಾಲ್ಕು ಹಂತದಲ್ಲಿ ಇಳಿಯುತ್ತದೆ. ಕೆಳಗಿನಿಂದ ನೋಡಿದಾಗ ಮಧ್ಯದಲ್ಲಿ ರೈಲು ಸೇತುವೆ ಅಡ್ಡ ಕಾಣುತ್ತದೆ. ಕುಳೆಂನಿಂದ ಕ್ಯಾಸಲ್‌ರಾಕ್‌ವರೆಗಿನ 26 ಕಿ.ಮೀ. ಘಟ್ಟದ ದಾರಿ ಅದು. 37 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುವಷ್ಟು ಕಡಿದು, ಅದಕ್ಕೇ ರೈಲಿಗೆ ಹಿಂದಿನಿಂದ ತಳ್ಳೋಕೆ ಬೇರೆ ಇಂಜಿನ್ ಹಾಕುತ್ತಾರೆ.

ಹಳಿ ಮೇಲೆ ನಡೆದು ಹೋಗುವ ಹಳೇ ಚಾರಣದ ಕಥೆಗಳನ್ನು ಕೇಳಿ ಆ ಆಸೆ ಇಟ್ಟುಕೊಳ್ಳಬೇಡಿ. ಅದು ಈಗ ಅಪರಾಧ. 2023ರ ಮಳೆಗಾಲದಲ್ಲಿ ನೈಋತ್ಯ ರೈಲ್ವೆ ರೈಲ್ವೆ ಕಾಯ್ದೆಯ ಸೆಕ್ಷನ್ ಹೇಳಿಯೇ ಎಚ್ಚರಿಕೆ ಕೊಟ್ಟಿತ್ತು. ರೈಲಿನ ಒಳಗಿಂದ ನೋಡೋದಕ್ಕೆ ಏನೂ ಅಡ್ಡಿಯಿಲ್ಲ, ಹಗಲು ಘಟ್ಟ ಹತ್ತುವ ರೈಲು ಹಿಡಿಯಬೇಕು ಅಷ್ಟೇ. ಇಲ್ಲೇ ನಮ್ಮವರು ಮೋಸ ಹೋಗೋದು. ವಾಸ್ಕೋ–ಯಶವಂತಪುರ ಎಕ್ಸ್‌ಪ್ರೆಸ್ ನೇರ ತುಮಕೂರಿಗೆ ಬರುತ್ತದೆ, ತುಂಬಾ ಅನುಕೂಲ, ಆದರೆ ಅದು ದೂಧ್‌ಸಾಗರ ದಾಟೋದು ರಾತ್ರಿ ಕತ್ತಲಲ್ಲಿ. ಜಲಪಾತವನ್ನು ಜೀಪಿನಲ್ಲಿ ಹೋಗಿ ನೋಡಿ ಆಗಿದ್ದರೆ ಇದೇ ರೈಲು ಹತ್ತಿ ಮಲಗಿ. ಜೀಪಿನ ಗೋಜು ಬೇಡ, ಕಿಟಕಿಯಿಂದ ನೋಡಿದರೆ ಸಾಕು ಅನ್ನುವವರು ವಾಸ್ಕೋದಿಂದ ಬೆಳಗ್ಗೆ ಹೊರಡುವ ಅಮರಾವತಿ ಎಕ್ಸ್‌ಪ್ರೆಸ್ ನೋಡಿ. ಅದು ವಾರದಲ್ಲಿ ಕೆಲವು ದಿನ ಮಾತ್ರ. ಹುಬ್ಬಳ್ಳಿಯಲ್ಲಿ ಇಳಿದು, ಬೆಂಗಳೂರಿನ ಜನಶತಾಬ್ದಿಗೋ ಬೇರೆ ಯಾವುದಾದರೂ ರೈಲಿಗೋ ಬದಲಿಸಿಕೊಂಡರೆ ತುಮಕೂರು.

ಕೋಲಾರದವರಿಗೆ ಒಂದು ಮಾತು

ಮಳೆಗಾಲದಲ್ಲೇ ರಜೆ ಸಿಗೋದು ಅನ್ನುವವರು ಚೆನ್ನೈ ಕಡೆ ನೋಡಿ. 2023ರ ಜೂನ್‌ನಲ್ಲಿ ಚೆನ್ನೈನಿಂದ ಶ್ರೀಲಂಕಾಕ್ಕೆ ಕ್ರೂಸ್ ಹೊರಟಿತ್ತು. ಅಂಥದ್ದು ಸಿಕ್ಕಿದರೆ ಪಾಸ್‌ಪೋರ್ಟ್ ಬೇಕು. ಬಂಗಾರಪೇಟೆಯಿಂದ ಚೆನ್ನೈಗೆ ರೈಲಿಗೇನೂ ಬರವಿಲ್ಲ. ವಾಪಸ್ ಬರುವಾಗ ರೈಲು ಬಿಟ್ಟು ರಸ್ತೆಯಲ್ಲಿ ಕೃಷ್ಣಗಿರಿ, ಧರ್ಮಪುರಿ ಕಡೆಯಿಂದ ಬಂದರೆ ಹೊಗೇನಕಲ್ ಜಲಪಾತ ನೋಡಿಕೊಂಡು ಬರಬಹುದು. ಅಲ್ಲಿ ಮಾತ್ರ ಲೆಕ್ಕ ತಿರುಗುಮುರುಗು: ಕೆಆರ್‌ಎಸ್, ಕಬಿನಿಯಿಂದ ಜಾಸ್ತಿ ನೀರು ಬಿಟ್ಟರೆ ತೆಪ್ಪ ನಿಲ್ಲಿಸಿಬಿಡುತ್ತಾರೆ. ಹೊರಡುವ ದಿನ ಕಾವೇರಿ ಹೊರಹರಿವು ಎಷ್ಟಿದೆ ಅಂತ ಪೇಪರ್ ನೋಡಿ.

ಜೋಗದಿಂದ ಮನೆಗೆ

ಜೋಗದಿಂದ ತಾಳಗುಪ್ಪ ಹತ್ತಿರ, ಕಾರಿನಲ್ಲಿ ಅರ್ಧ ಗಂಟೆ ಸಾಕು. ಸಂಜೆ ಐದಕ್ಕೆ ಜೋಗ ಬಿಟ್ಟರೆ ಗಡಿಬಿಡಿ ಇರಲ್ಲ. ತಾಳಗುಪ್ಪದಲ್ಲಿ ರಾತ್ರಿ ಊಟಕ್ಕೆ ಹೆಚ್ಚು ಹೋಟೆಲ್ ಹುಡುಕಬೇಡಿ, ಜೋಗದಲ್ಲೋ ಸಾಗರದಲ್ಲೋ ಕಟ್ಟಿಸಿಕೊಂಡು ಬನ್ನಿ. ನಾವು ಚಿತ್ರಾನ್ನ, ಮೊಸರನ್ನ ಕಟ್ಟಿಸಿದ್ದೆವು. ರೈಲು ಇಲ್ಲಿಂದಲೇ ಹೊರಡೋದರಿಂದ ಸೀಟಿಗೆ ನೂಕುನುಗ್ಗಲು ಇಲ್ಲ, ನೆಮ್ಮದಿಯಾಗಿ ಹತ್ತಿ ಹಾಸಿಗೆ ಹಾಸಿಕೊಳ್ಳಬಹುದು.

ರಾತ್ರಿ ಹೊರಡುವ ತಾಳಗುಪ್ಪ–ಮೈಸೂರು ಎಕ್ಸ್‌ಪ್ರೆಸ್ ಶಿವಮೊಗ್ಗ, ಬೀರೂರು, ಅರಸೀಕೆರೆ ಮೇಲೆ ತುಮಕೂರಿಗೆ ಬಂದು, ಬೆಂಗಳೂರಿನ ಮೇಲೆ ಮೈಸೂರಿಗೆ ಹೋಗುತ್ತದೆ. ನಮ್ಮೂರಿಗೆ ಬರೋದು ಬೆಳಗಿನ ಜಾವ, ಒಳ್ಳೇ ನಿದ್ದೆ ಹೊತ್ತು. ತುಮಕೂರು ತಲುಪುವ ಟೈಮಿಗೆ ಮುಕ್ಕಾಲು ಗಂಟೆ ಮುಂಚೆ ಇಬ್ಬರ ಫೋನಿನಲ್ಲೂ ಅಲಾರಂ ಇಡಿ, ಮಲಗುವ ಮುಂಚೆ ಟಿಟಿಇಗೂ ಒಂದು ಮಾತು ಹೇಳಿ. ದೊಡ್ಡ ಸೂಟ್‌ಕೇಸನ್ನು ಬಾಗಿಲ ಕಡೆಯ ಸೀಟಿನ ಕೆಳಗೆ ಇಟ್ಟುಕೊಳ್ಳಿ. ತಿಪಟೂರು ಬಂದಾಗ ಹಿರಿಯರನ್ನು ಎಬ್ಬಿಸಿ, ಮುಖ ತೊಳೆಸಿ. ಗುಬ್ಬಿ ದಾಟಿತು ಅಂದರೆ ಚಪ್ಪಲಿ ಹುಡುಕಿ ಹಾಕಿಕೊಂಡು ಬಾಗಿಲ ಹತ್ತಿರ ಬನ್ನಿ.